ಮಲಾಡಿನ ಮನೆಯಲ್ಲೊಬ್ಬ ನಾಸ್ತಿಕ

ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ವರ್ಷವೇ ನಾನು ಮುಂಬಯಿಯ ಮಲಾಡಿನಲ್ಲಿ ಕಾಲಿಟ್ಟೆ. ಬಾಡಿಗೆ ಕೋಣೆ ಕೇಳೋಣವೆಂದು ಹೊಸ್ತಿಲು ದಾಟಿದರೆ, ಮನೆಮಂದಿಯೆಲ್ಲ ಗೋಡೆಗೆ ಮುಖ ಮಾಡಿ ಮೊಣಕಾಲೂರಿದ್ದಾರೆ; ಒಬ್ಬರೂ ತಿರುಗಿ ನೋಡಲಿಲ್ಲ. ಟ್ರಂಕು ಹಿಡಿದುಕೊಂಡು ಅರ್ಧ ತಾಸು ಕಂಬದ ಹಾಗೆ ನಿಂತೆ. ಅದು ‘ತೇರ್ಸ್’, ಕೊಂಕಣಿ ಕ್ರೈಸ್ತರು ಜಪಸರ ಹಿಡಿದು ಮಾಡುವ ಸಂಜೆಯ ಪ್ರಾರ್ಥನೆ ಎಂದು ಆಮೇಲೆ ತಿಳಿಯಿತು.

ಮನೆಯ ಯಜಮಾನರು ಲಾರೆನ್ಸ್ ಮಾಸ್ತರು. ಮಂಗಳೂರಿನ ಕಡೆಯವರು, ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ನನ್ನ ಜಾತಿ ಧರ್ಮ ವಿಚಾರಿಸಿದಾಗ, ಧಾರವಾಡದಲ್ಲಿ ಅಪ್ಪನೆದುರು ಎಂದೂ ಹೊರಡದ ಮಾತು ಸಲೀಸಾಗಿ ಹೊರಟಿತು.

“ನಾ ನಾಸ್ತಿಕ ಅದೀನ್ರಿ.”

ಮಾಸ್ತರು ನಕ್ಕರು. “ತಿರುಗಾಡ್ಲಿಕ್ಕೆ, ಮಲಗ್ಲಿಕ್ಕೆ ದೇವರು ಬೇಕಂತ ಇಲ್ಲ. ಇರು ಮಾರಾಯ.”

ಊರಲ್ಲಿ ಜೋಳದ ರೊಟ್ಟಿ, ಇಲ್ಲಿ ಕುಚ್ಚಲಕ್ಕಿ ಅನ್ನ. ಮೊದಲ ದಿನ ಅವರ ಹೆಂಡತಿ ಸೆಲಿನ್ ಬಾಯಿ “ಊಟ ಹೇಗುಂಟು?” ಎಂದರು. ನಿಜಕ್ಕೂ ರುಚಿಯಾಗಿತ್ತು. “ಅಡ್ಡಿಯಿಲ್ರಿ” ಎಂದೆ. ಅವರ ಮುಖ ಬಾಡಿತು. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಅವರಿಗೆ ಅದು ‘ಹೇಗೋ ನುಂಗಬಹುದು’ ಎಂದು ಕೇಳಿಸಿತ್ತು. ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಮೂರನೆಯ ವರ್ಷ ಮಾಟುಂಗದ ಕನ್ನಡ ಸಂಘದವರು ಒಂದು ಭಾನುವಾರ ಬೆಳಿಗ್ಗೆ ಚರ್ಚೆ ಇಟ್ಟರು: ಸಮಾಜಕ್ಕೆ ಹಿತವಾದದ್ದು ಕ್ರೈಸ್ತ ಧರ್ಮವೋ, ನಾಸ್ತಿಕವಾದವೋ? ಆ ಕಡೆ ಮಾಸ್ತರು, ಈ ಕಡೆ ನಾನು. ಇಬ್ಬರೂ ಒಂದೇ ಲೋಕಲ್ ಹಿಡಿದು ಹೋದೆವು. ಸೆಲಿನ್ ಬಾಯಿ ಮುಂದಿನ ಸಾಲಿನಲ್ಲೇ ಕೂತರು.

ಕುಷ್ಠರೋಗಿಗಳ ಹುಣ್ಣು ತೊಳೆಯುವ ಸಿಸ್ಟರುಗಳು, ಬಡವರ ಮಕ್ಕಳಿಗೆ ಅಕ್ಷರ ಕಲಿಸಿದ ಶಾಲೆಗಳು ಎಂದು ಮಾಸ್ತರು ಒಂದೊಂದಾಗಿ ಮುಂದಿಟ್ಟರು. ಒಳ್ಳೆಯ ಕೆಲಸಕ್ಕೆ ಸ್ವರ್ಗದ ಆಸೆ ಯಾಕೆ ಬೇಕು, ಯಾಕೆ ಎಂದು ಕೇಳಿದವರಿಂದಲೇ ಅಲ್ಲವೇ ಸಮಾಜ ಮುಂದೆ ಬಂದದ್ದು ಎಂದು ನಾನು ವಾದಿಸಿದೆ. ಸಮಸಮ ನಡೆದಿತ್ತು.

ನನ್ನ ಹತ್ತಿರ ಒಂದು ಅಸ್ತ್ರ ಉಳಿದಿತ್ತು. ಮಾಸ್ತರ ತಂಗಿಯ ಮದುವೆ ಮುರಿದಿದ್ದು ಹುಡುಗ ‘ಕೆಳಗಿನವರ’ ಪೈಕಿ, ಅಂದರೆ ಕೆಳಜಾತಿಯಿಂದ ಬಂದ ಕ್ರೈಸ್ತ ಎಂಬ ಕಾರಣಕ್ಕೆ. ಒಂದೇ ಇಗರ್ಜಿ, ಒಂದೇ ಶಿಲುಬೆ, ಆದರೂ. ಊಟ ಮಾಡುತ್ತಾ, ನನ್ನನ್ನು ಮನೆಯವನೆಂದು ನಂಬಿ ಅವರು ಹೇಳಿದ ಮಾತು. ಆಡಿದರೆ ಗೆಲುವು ನನ್ನದು, ಆ ಮನೆ ಮಾತ್ರ ನನ್ನದಾಗಿ ಉಳಿಯುತ್ತಿರಲಿಲ್ಲ. ಸೆಲಿನ್ ಬಾಯಿಯ ಮುಖ ನೋಡಿ ತುಟಿ ಬಿಗಿಹಿಡಿದು ಕೂತುಬಿಟ್ಟೆ.

ಕೊನೆಯ ಮಾತು ಮಾಸ್ತರದು. ಎದ್ದು ನಿಂತು ಕನ್ನಡಕ ತೆಗೆದರು.

“ಈ ಹುಡುಗ ಒಂದು ಮಾತು ನುಂಗಿಕೊಂಡ. ನನಗೆ ಗೊತ್ತುಂಟು ಯಾವುದಂತ. ನಾನೇ ಹೇಳ್ತೇನೆ.” ತಂಗಿಯ ಕತೆ ಮುಚ್ಚುಮರೆಯಿಲ್ಲದೆ ಹೇಳಿದರು. “ಯೇಸುವಿನದ್ದು ತಪ್ಪಲ್ಲ, ನಮ್ಮದು. ಆದರೆ ನಂಬಿಕೆ ಇದ್ದೂ ನಮ್ಮನ್ನು ಅದು ತಡೀಲಿಲ್ಲ.”

ಕೈ ಎತ್ತಿಸಿದಾಗ ನನ್ನ ಕಡೆಗೇ ಹೆಚ್ಚು ಕೈ ಬಂದವು. ಗೆದ್ದೆನೆಂದು ನನಗೆ ಅನ್ನಿಸಲೇ ಇಲ್ಲ.

ಮರಳುವ ಲೋಕಲ್ ಅಂಧೇರಿ ದಾಟಿತು. ಮಾಸ್ತರು ನನ್ನ ಬೆನ್ನು ತಟ್ಟಿ, “ನಿನ್ನ ಮಾತು ಅಡ್ಡಿಯಿಲ್ಲ ಮಾರಾಯ” ಎಂದರು. ನಮ್ಮ ಧಾರವಾಡದ ಅರ್ಥದಲ್ಲಿ! ಸೆಲಿನ್ ಬಾಯಿ ನಕ್ಕುಬಿಟ್ಟರು. ಗೆದ್ದದ್ದಕ್ಕೆ ಸಂಘದವರು ಕೊಟ್ಟ ಕಪ್ಪು ಯಾವಾಗಲೋ ಮೂಲೆ ಸೇರಿದೆ. ಆ ಒಂದು ಮಾತಿನ ಹೆಮ್ಮೆ ಮಾತ್ರ ಇಂದಿಗೂ ಮಾಸಿಲ್ಲ.

ಮಲಾಡಿನ ಆ ಮನೆಯಲ್ಲಿ ಇವತ್ತಿಗೂ ತೇರ್ಸ್ ಮುಗಿಯುವಾಗ ನನ್ನ ಹೆಸರು ಸೇರಿಸಿ ಬೇಡಿಕೊಳ್ಳುತ್ತಾರೆ. ಊರಿನಲ್ಲಿ ನಾನು ಜಾತಿ ಕೆಟ್ಟೆನೆಂಬ ಸುದ್ದಿ ಹಬ್ಬಿದೆ. ಕಳೆದ ದೀಪಾವಳಿಗೆ ಹೋದಾಗ ಅವ್ವ ಅದನ್ನೇನೂ ಕೇಳಲಿಲ್ಲ. ರೊಟ್ಟಿ ಬಡಿಯುತ್ತಾ, “ಅಲ್ಲಿ ಮನಿ ಹೆಂಗೈತೋ?” ಎಂದಳು.

“ಚೆಂದ ಉಂಟವ್ವ” ಎಂದೆ.

ಅವ್ವನ ಕೈ ಹಿಟ್ಟಿನ ಮೇಲೆಯೇ ನಿಂತಿತು. “ಉಂಟಂತ! ಎಪ್ಪಾ, ನಿನ್ನ ಬಾಯಾಗ ಯಾರು ಮಾತಾಡಾಕತ್ತಾರ?”