ಸೀಮೆ ತಗಡಿನ ಮೇಲಿನ ಕುಂಬಳಕಾಯಿ

ಪಿರಿಯಾಪಟ್ಟಣದ ಹತ್ತಿರ ನಮ್ಮ ಹಳ್ಳಿಯಲ್ಲಿ ಸೀಮೆ ತಗಡು ಹೊದಿಸಿದ ಮೊದಲ ಮನೆ ನಮ್ಮದು. ಎರಡನೇ ಮಹಾಯುದ್ಧ ಮುಗಿದು ವರ್ಷಗಳಾಗಿದ್ದವು. ಹಡಗಿನಲ್ಲಿ ಬಂದು ಮಿಲಿಟರಿ ಶೆಡ್ಡುಗಳ ಮೇಲೆ ಕೂತಿದ್ದ ತಗಡು ಮೈಸೂರಿನಲ್ಲಿ ಅಗ್ಗಕ್ಕೆ ಸಿಕ್ಕಿತು. ಅಪ್ಪ ನಾಡಹೆಂಚು ಇಳಿಸಿ ಯಾರದೋ ಕೊಟ್ಟಿಗೆಗೆ ಕೊಟ್ಟುಬಿಟ್ಟರು. ಹಗುರವಾದ ತಗಡಿಗೆ ಹೊಸ ಮರ ಯಾಕೆಂದು ಹಳೇ ಬಿದಿರಿಗೇ ಹಗ್ಗದಲ್ಲಿ ಕಟ್ಟಿಸಿದರು.

ಅಜ್ಜಿಯ ಬೂದುಗುಂಬಳಕಾಯಿಗಳು ಯಾವತ್ತೂ ಸೂರಿನ ಮೇಲೇ ಇರುತ್ತಿದ್ದವು. ಈಗಲೂ ಅಲ್ಲಿಗೇ ಏರಿದವು. ಉರುಳದಂತೆ ಅಡ್ಡಕ್ಕೊಂದು ಬಿದಿರ ಗಳು ಕಟ್ಟಿ, ತಗಡು ಹಾರದಂತೆ ಭಾರವೂ ಆಯಿತೆಂದು ಅಪ್ಪ ಹಿಗ್ಗಿದರು. ಬೇಸಿಗೆ ಬಂತು. ಮಧ್ಯಾಹ್ನ ಒಳಗೆ ಕೂರಲಾಗದೆ ನಾವೆಲ್ಲ ಹುಣಸೆಮರದ ಕೆಳಗಿರುತ್ತಿದ್ದೆವು. ಮೇಲೆ ಕಾಯಿಗಳು ಬೇಯುತ್ತಿದ್ದುದು ಯಾರಿಗೂ ತಿಳಿಯಲಿಲ್ಲ.

ವೈಶಾಖದಲ್ಲಿ ಹುಣಸೂರಿನ ಕಡೆಯಿಂದ ಅಕ್ಕನನ್ನು ನೋಡಲು ಬಂದರು. ಹುಡುಗನನ್ನು ಅಕ್ಕ ನೆಂಟರ ಮದುವೆಯಲ್ಲಿ ಮೊದಲೇ ಕಂಡಿದ್ದಳು. "ಇವರು ಒಪ್ಪದಿದ್ರೆ ನಂಗೆ ಮದ್ವೇನೇ ಬ್ಯಾಡ ಕಣೆ" ಎಂದು ನನ್ನೊಬ್ಬಳಿಗೇ ಹೇಳಿದ್ದಳು.

ಅಪ್ಪ ಜಗಲಿಯ ಮೇಲೆ ಮಗಳಿಗಿಂತ ತಗಡನ್ನೇ ಹೆಚ್ಚು ಹೊಗಳಿದರು. ಬೀಗರ ಮನೆಗೂ ಒಂದು ಗಾಡಿ ತಗಡು ಕಳಿಸುವುದಾಗಿ ಹೇಳುತ್ತಿದ್ದರು. ಅಕ್ಕ ಪಾನಕ ತಂದಳು. ಆಗ ಗಾಳಿ ಎದ್ದಿತು.

ನಾನು ನೋಡಿದ್ದು ಇಷ್ಟು. ಮೊದಲು ಮೂಲೆಯ ತಗಡು ಎತ್ತಿನ ಕಿವಿಯಂತೆ ಮೇಲೆದ್ದಿತು. ಹಗ್ಗ ಹರಿಯಿತು. ಅಡ್ಡಗಟ್ಟಿದ ಗಳು ಕಳಚಿ, ಕುಂಬಳಕಾಯಿಗಳು ದಡದಡನೆ ಉರುಳಿ ಬಾಗಿಲ ಮುಂದೆ ಒಡೆದವು. ಬೆಂದ ತಿರುಳು ಹುಡುಗನ ತಂದೆಯ ಪೇಟಕ್ಕೆ ಹಾರಿತು. ಅಪ್ಪ ಹಾರುವ ತಗಡೊಂದನ್ನು ಹಿಡಿದು, ಅದು ಎಳೆದತ್ತ ಓಡಿದರು. ಅವರ ಹಿಂದೆ ಕೋಳಿಗಳು, ಕೋಳಿಗಳ ಹಿಂದೆ ನಾಯಿ.

ಗಾಳಿ ನಿಂತಿತು. ಹೆಣ್ಣು ನೋಡುವ ದಿನ ಸೂರು ಹಾರುವುದೆಂದರೆ ಎಂಥ ಅಪಶಕುನ! ಅಕ್ಕ ಪಾನಕದ ಲೋಟಗಳನ್ನು ಜಗಲಿಯ ಮೇಲಿಟ್ಟು ಬಾಗಿಲ ಮರೆಗೆ ಸರಿದಳು.

ಅಜ್ಜಿ ತಾಂಬೂಲದ ತಟ್ಟೆಯ ಕುಂಕುಮ ತೆಗೆದುಕೊಂಡು ನಿಧಾನವಾಗಿ ಜಗಲಿ ಇಳಿದು, ಒಡೆದ ಕಾಯಿಗಳ ಮೇಲೆ ಒಂದೊಂದಾಗಿ ಹಾಕಿದಳು.

"ದೃಷ್ಟಿ ಓಯ್ತು ಬುಡಿ. ನಾವಾಗಿದ್ರೆ ಒಂದೇ ಒಡೀತಿದ್ದೋ."

ಹುಡುಗನ ತಾಯಿ ಗಂಡನ ಪೇಟ ಒರೆಸುತ್ತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುವುದು ಕಂಡು ಅಳುತ್ತಿದ್ದಾರೆಂದು ನಾನು ಹೆದರಿದೆ. ಅವರು ನಗುತ್ತಿದ್ದರು. ಅಷ್ಟರಲ್ಲಿ ಅಪ್ಪ ಸೊಟ್ಟಗಾದ ತಗಡನ್ನು ಹೊತ್ತು ವಾಪಸು ಬಂದರು.

"ಹೆಣ್ಣು ಕರ್ಕೊಂಡೋಯ್ತೀವಿ ಕಣಣ್ಣ," ಎಂದರು ಆಕೆ. "ತಗಡು ನಿಮ್ತಾವೇ ಇರ್ಲಿ."

ಮದುವೆಗೆ ಮೊದಲು ಅಪ್ಪ ಮರ, ಹೆಂಚು ಎಲ್ಲವನ್ನೂ ಹೊಸದಾಗಿ ಕೊಂಡರು. ಮದುವೆಯಾದ ಮೇಲೆ ಗಂಡಿನ ಮನೆಗೆ ಒಂದು ಗಾಡಿ ಹೋಯಿತು. ಅದರಲ್ಲಿ ಅಕ್ಕ ಇದ್ದಳು, ಮಡಿಲಲ್ಲಿ ಅಜ್ಜಿ ಕೊಟ್ಟ ಕುಂಬಳದ ಬೀಜದ ಗಂಟು ಇತ್ತು.