ಹೆಸರುಗಳ ಹಿಂದೆ ಸರಿದ ಚಿಲಕ

ಪೊಲೀಸ್ ಆಕ್ಷನ್ ಮುಗಿದು ನಮ್ಮ ಹೈದರಾಬಾದ್ ಸೀಮೆ ಭಾರತಕ್ಕೆ ಸೇರಿದ ಮೂರನೆಯ ವರ್ಷ. ಶಹಾಪುರದಲ್ಲಿ ಟೂರಿಂಗ್ ಟಾಕೀಸಿನ ಡೇರೆ ಹಾಕಿದ್ದರು. ಮಕ್ಕಳೇ, ನಿಮ್ಮ ಅಜ್ಜ ಅಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ನಾನು ಜನಾನಾ ಕಡೆಯ, ಅಂದರೆ ಹೆಂಗಸರು ಕೂರುವ ಭಾಗದ ಬಾಗಿಲು ಕಾಯುತ್ತಿದ್ದೆ. ಡೇರೆಯ ನಡುವೆ ಅಡ್ಡಲಾಗಿ ಬಟ್ಟೆಯ ಪರದೆ. ಆಚೆ ಗಂಡಸರು, ಈಚೆ ನಾವು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಆ ಕೆಲಸವಿತ್ತೆಂದೇ ನಿಮ್ಮ ಅಜ್ಜನ ಜೊತೆ ಊರೂರು ತಿರುಗಲು ಹಿರಿಯರು ಒಪ್ಪಿದ್ದರು. ಇಲ್ಲವಾದರೆ ನಾನು ಸಗರದ ಅತ್ತೆಯ ಮನೆಯಲ್ಲಿದ್ದು, ಹಬ್ಬಕ್ಕೊಮ್ಮೆ ಅವರ ಮುಖ ನೋಡಬೇಕಿತ್ತು.

ಆ ಸಲ ಯಾದಗಿರಿ ಸ್ಟೇಷನ್ನಿನಿಂದ ಒಂದು ಅಂಜಿಕೆಯ ಹಿಂದಿ ಪಿಕ್ಚರಿನ ಡಬ್ಬಿಗಳು ಬಂದವು. ರೀಲು ಎಲ್ಲಾದರೂ ಹರಿದಿದೆಯೇ ಎಂದು ನೋಡಲು ನಿಮ್ಮ ಅಜ್ಜ ಮೊದಲೊಮ್ಮೆ ಓಡಿಸಿದರು. ಖಾಲಿ ಡೇರೆಯಲ್ಲಿ ನೋಡಿದವಳು ನಾನೊಬ್ಬಳೇ. ಮೊದಲು ಟೈಟಲ್, ಅಂದರೆ ಪಿಕ್ಚರಿನಲ್ಲಿ ಕೆಲಸ ಮಾಡಿದವರ ಹೆಸರುಗಳು. ಅವುಗಳ ಹಿಂದೆ ಒಂದು ದೊಡ್ಡ ಮನೆಯ ಹಿತ್ತಲ ಬಾಗಿಲು. ಒಂದು ಹೆಸರು ಬಂದು ಹೋಯಿತು, ಬಾಗಿಲು ಹಾಗೆಯೇ ಇತ್ತು. ಇನ್ನೊಂದು ಹೆಸರಿಗೆ ಬಾಗಿಲ ಕೆಳಗೆ ನೆರಳು. ಮತ್ತೊಂದಕ್ಕೆ ಚಿಲಕ ಮೆಲ್ಲಗೆ ಸರಿಯಿತು. ಕೊನೆಯ ಹೆಸರಿನ ಹಿಂದೆ ಯಾರೋ ಒಳಗೆ ಬಂದು ಬಾಗಿಲು ಮುಚ್ಚಿದರು. ಆಮೇಲೆ ಕಥೆ ಶುರು. ಒಬ್ಬಂಟಿ ಹೆಂಗಸು ಆ ಮನೆಗೆ ಬಂದು, ಮುಂಬಾಗಿಲು ಭದ್ರ ಮಾಡಿ, ನಿಶ್ಚಿಂತೆಯಿಂದ ದೀಪ ಹಚ್ಚುತ್ತಾಳೆ. ಒಳಗೆ ಯಾರೋ ಇರುವುದು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು. ನಾನು ಡೇರೆಯ ಹಗ್ಗ ಬಿಗಿಯಾಗಿ ಹಿಡಿದುಕೊಂಡಿದ್ದೆ.

ಆದರೆ ಜನರ ಮುಂದೆ ಟೈಟಲ್ ಓಡಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಇಂಗ್ಲಿಷ್ ಅಕ್ಷರ ಕಂಡರೆ ಗಂಡಸರು ಸಿಳ್ಳೆ ಹಾಕುತ್ತಿದ್ದರು. ಅದಕ್ಕೆ ಹೆಸರು ದಾಟಿಸಿ ಕಥೆಯಿಂದಲೇ ಶುರು ಮಾಡುತ್ತಿದ್ದರು.

ಮೊದಲ ಆಟ ಬಿಟ್ಟಾಗ ಉಣ್ಣೆ ನೂಲುವ ಹಣಮವ್ವ ನನ್ನನ್ನು ತಡೆದಳು.

“ಎಂಥಾ ಆಟ ತಂದೀರಿ ಯವ್ವಾ? ಆಕಿ ಮನ್ಯಾಗ ಅಡ್ಡಾಡೂದು ನೋಡಾಕ ಇಲ್ಲಿತನಾ ಬರಬೇಕೇನು? ನನ್ನ ಸೊಸಿನೂ ದಿನಾ ಅಡ್ಡಾಡ್ತಾಳ, ಪುಕ್ಕಟ!”

ಮರುದಿನ ಜನಾನಾ ಕಡೆ ಬರಿದೋ ಬರಿದು. ಮಾಲಕರು ನಿಮ್ಮ ಅಜ್ಜನನ್ನು ಕರೆದು, “ನಾಳೀನೂ ಹಿಂಗ ಆತಂದ್ರ ಪರದಾ ತೆಗಸಿ ಜನಾನಾ ಬಂದ್ ಮಾಡ್ತೀನಿ. ಡೇರೆ ಸುರಪುರಕ್ಕ ಹೋಗೂದ್ರಾಗ ನಿನ್ನ ಹೇಣ್ತಿನ್ನ ಊರಿಗೆ ಕಳಿಸು,” ಎಂದರು.

 ಮರುದಿನ ಬೆಳಿಗ್ಗೆ ನಿಮ್ಮ ಅಜ್ಜ ಲೆನ್ಸ್ ಒರೆಸುತ್ತ ಕೂತಿದ್ದಾಗ ಹೇಳಿದೆ.

“ಇವತ್ತ ಹೆಸರಿನಿಂದನ ಸುರು ಮಾಡ್ರಿ.”

“ಗಂಡಸ್ರು ಡೇರೆ ಹರೀತಾರ.”

“ಚಿಲಕಾ ಸರಿಯೂದು ಕಾಣಲಿಲ್ಲಂದ್ರ ಯಾರಿಗೆ ಅಂಜಿಕಿ ಬರ್ತದ್ರಿ? ಒಳಗ ಒಬ್ಬ ಅದಾನಂತ ಅವರಿಗೆ ಗೊತ್ತರ ಹೆಂಗಾಗಬೇಕು?”

ಅವರು ನನ್ನನ್ನೇ ನೋಡಿದರು. “ಲಗ್ನ ಆದಾಗಿಂದ ಇಷ್ಟ ಮಾತು ಒಮ್ಮೆಗೇ ಆಡಿದ್ದು ಇವತ್ತೇ ನೋಡು,” ಎಂದು ನಕ್ಕರು. “ಆತು, ಹಚ್ತೀನಿ.”

ನಾನು ಹಣಮವ್ವನ ಓಣಿಗೆ ಹೋಗಿ, ಇನ್ನೊಮ್ಮೆ ಬನ್ನಿ ಎಂದು ಎಲ್ಲರನ್ನೂ ಕರೆದೆ. “ಅಂಜಿಕಿ ಬರಲಿಲ್ಲಂದ್ರ ನೀ ಬಂದು ನಮ್ಮ ಉಣ್ಣಿ ಹಿಂಜಬೇಕು,” ಎಂದು ಹಣಮವ್ವ ಕರಾರು ಹಾಕಿ ಬಂದಳು.

ದೀಪ ಆರುವ ಮೊದಲು ನಾನು ಎದ್ದು ನಿಂತೆ. ನಾಲ್ಕು ಜನರೆದುರು ಬಾಯಿ ತೆರೆದವಳಲ್ಲ, ದನಿ ನಡುಗುತ್ತಿತ್ತು. “ಅಕ್ಕಾರ, ಹೆಸರು ಓದಾಕ ಬರಲಿಲ್ಲಂದ್ರ ಚಿಂತಿಲ್ಲ. ಅದರ ಹಿಂದಿನ ಬಾಗಲಾ ನೋಡ್ರಿ.”

ಮೊದಲ ಹೆಸರಿಗೆ ಪರದೆಯಾಚೆ ಸಿಳ್ಳೆ. ಎರಡನೆಯದಕ್ಕೆ ಹಣಮವ್ವ, “ಏ, ನೆರಳ ನೋಡ್ರೇ!” ಎಂದಳು. ಚಿಲಕ ಸರಿಯುವಾಗ ಯಾರೋ ನನ್ನ ಸೆರಗು ಹಿಡಿದರು. ಹೆಂಗಸರು ಉಸಿರು ಬಿಗಿಹಿಡಿದು ಕೂತ ಆ ಮೌನಕ್ಕೆ ಆಚೆಯ ಸಿಳ್ಳೆಯೂ ನಿಂತಿತು. ಕಥೆಯ ಹೆಂಗಸು ಮುಂಬಾಗಿಲು ಹಾಕುತ್ತಿದ್ದಂತೆ ಹಣಮವ್ವ ಎದ್ದೇ ಬಿಟ್ಟಳು.

“ಹುಚ್ಚಿ! ಅದ್ಯಾಕ ಹಾಕ್ತೀ? ಹಿಂದಿಂದ ಬಂದಾನ ಅವಾ!”

ಪರದೆಯಾಚೆಯಿಂದಲೂ ಗಂಡಸರು, “ಓಡವಾ, ಓಡು!” ಎಂದು ಕೂಗತೊಡಗಿದರು.

ಮರುದಿನ ನಮ್ಮ ಕಡೆ ಕೂರಲು ಜಾಗವಿರಲಿಲ್ಲ. ಮಾಲಕರು ಪರದೆಯ ಮಾತೆತ್ತಲಿಲ್ಲ.

ಟೈಟಲ್ ಮಾಡುವವರ ಜಾಣತನ ನನಗೆ ತಿಳಿದದ್ದು ಹೀಗೆ. ಕಥೆಯವಳಿಗೆ ಗೊತ್ತಿಲ್ಲದ್ದೊಂದನ್ನು ಮೊದಲೇ ನಮ್ಮ ಕಿವಿಯಲ್ಲಿ ಹೇಳಿಬಿಡುತ್ತಾರೆ. ಗೊತ್ತಾದ ಮೇಲೆ ಸುಮ್ಮನೆ ಕೂರುವುದು ಯಾರಿಂದಲೂ ಆಗದು. ನಾಚಿಕೆಯ ನನ್ನನ್ನೂ ಅಂದು ಎಬ್ಬಿಸಿ ನಿಲ್ಲಿಸಿದ್ದು ಅದೇ. ನಿಮಗೊಬ್ಬರಿಗೇ ಏನಾದರೂ ಕಂಡಿದ್ದರೆ, ದನಿ ನಡುಗಿದರೂ ಹೇಳಿರಿ.

ಡೇರೆ ಸುರಪುರಕ್ಕೆ ಹೊರಟಾಗ ಗಾಡಿಯಲ್ಲಿ ಪ್ರೊಜೆಕ್ಟರಿನ ಪೆಟ್ಟಿಗೆಯ ಒಂದು ಬದಿ ನಿಮ್ಮ ಅಜ್ಜ, ಇನ್ನೊಂದು ಬದಿ ನಾನು. ಅತ್ತೆಯ ಊರಾದ ಸಗರದ ದಾರಿ ಒಡೆಯುವಲ್ಲಿ ಗಾಡಿ ನಿಲ್ಲಲಿಲ್ಲ.