ಸೋದರಮಾವನ ಕುರ್ಚಿ

ನನ್ನ ಓರಗಿತ್ತಿ ಸೂಯುನ್ ಕೂತಲ್ಲಿ ಕೂರುವವಳಲ್ಲ. ಹೂವೇ ಎಂಬ ಊರಿನ ಟವೆಲ್ ಕಾರ್ಖಾನೆಯ ಆಫೀಸಿನಲ್ಲಿ ಅವಳಿಗೆ ಕೆಲಸ. ಅಲ್ಲಿಂದ ಬಂದವಳು ಒಂದು ಕೈಯಲ್ಲಿ ಸೊಪ್ಪು ತೊಳೆಯುತ್ತ ಇನ್ನೊಂದರಲ್ಲಿ ಫೋನ್ ಒತ್ತುತ್ತಾಳೆ. ಮಗ ಬೋಕೈಗೆ ಮದುವೆ ಗೊತ್ತಾದ ಮೇಲಂತೂ ಅವಳು ಒಂದು ಕಡೆ ನಿಂತಿದ್ದನ್ನೇ ನಾನು ಕಂಡಿಲ್ಲ.

ಹಾಗಂತ ಕೆಲಸವನ್ನೆಲ್ಲ ಅವಳೇ ಮಾಡಿದಳು ಅಂದುಕೊಳ್ಳಬೇಡಿ. ಮದುವೆಯನ್ನು ತುಂಡು ತುಂಡು ಮಾಡಿ, ಮುಖ ಕಾಣದ ಜನಕ್ಕೆ ಆನ್‌ಲೈನಿನಲ್ಲಿ ಹಂಚಿಬಿಟ್ಟಳು. ಕರೆಯೋಲೆ ಬರೆದವನು ಒಬ್ಬ, ವೀಡಿಯೊ ಜೋಡಿಸಿದವನು ಇನ್ನೊಬ್ಬ. ನೆಂಟರಿಗೆಲ್ಲ ಫೋನ್ ಮಾಡಿ ಎಷ್ಟು ಜನ ಬರುತ್ತೀರಿ ಎಂದು ಕೇಳುವುದಕ್ಕೆ ಕಾವ್‌ಶಿಯುಂಗ್ ಕಡೆಯ ಹುಡುಗಿಯೊಬ್ಬಳು. ಅವಳು ಕೊಟ್ಟ ಲೆಕ್ಕ ನೋಡಿ ಯಾರಿಗೆ ಯಾವ ಮೇಜು ಎಂದು ಬರೆಯುವವನು ಮತ್ತೆಲ್ಲೋ. ಅಡುಗೆಯವನು ಮಾತ್ರ ನಮ್ಮ ಬೀದಿಯವನು, ಪುಣ್ಯಕ್ಕೆ.

"ಮಗನ ಮದುವೆಗೆ ನೀನಾದ್ರೂ ಬರ್ತೀಯೋ, ಅದಕ್ಕೂ ಯಾರನ್ನಾದ್ರೂ ಗೊತ್ತು ಮಾಡಿದ್ದೀಯೋ?" ಎಂದು ಕೇಳಿದೆ.

"ಅಕ್ಕಾ, ಅವರೆಲ್ಲ ಕೆಲಸ ಬಲ್ಲೋರು. ನೀನು ಸುಮ್ನೆ ಬಂದು ಊಟ ಮಾಡು."

ಮದುವೆಯ ವಾರ ಮೇಜುಗಳ ಪಟ್ಟಿ ಬಂತು. ಅದರಲ್ಲಿ ಮೊದಲ ಮೇಜಿನ ಮುಖ್ಯ ಕುರ್ಚಿಗೆ ಟವೆಲ್ ಕಾರ್ಖಾನೆಯ ಧಣಿಯ ಹೆಸರಿತ್ತು. ನನಗೆ ಮೈ ಉರಿದುಹೋಯಿತು. ಹುಡುಗನ ಸೋದರಮಾವ ಆ ಕುರ್ಚಿಯಲ್ಲಿ ಕೂರದೆ ನಮ್ಮಲ್ಲಿ ಪಟಾಕಿ ಹೊತ್ತಿಸುವುದಿಲ್ಲ, ಮೊದಲ ತಟ್ಟೆ ಚಪ್ಪರದೊಳಗೆ ಬರುವುದಿಲ್ಲ.

"ನಿನ್ನಣ್ಣ ಎಲ್ಲೇ?"

ಸೂಯುನ್ ಬಾಗಿಲಿಗೂ ಒಲೆಗೂ ನಡುವೆ ತಿರುಗತೊಡಗಿದಳು. ಕಾವ್‌ಶಿಯುಂಗ್‌ನ ಆ ಹುಡುಗಿ ಎಲ್ಲರಿಗೂ ಮಾಡಿದ ಹಾಗೆ ಅಣ್ಣ ಜಿಂಗ್‌ಶಾನನಿಗೂ ಫೋನ್ ಮಾಡಿದ್ದಳಂತೆ. ನಿಮ್ಮ ಮನೆಯಿಂದ ಎಷ್ಟು ಜನ, ಸಸ್ಯಾಹಾರವೋ ಮಾಂಸಾಹಾರವೋ ಎಂದು ಕೇಳಿದಳಂತೆ. "ಯಾರೂ ಇಲ್ಲ ಅಂತ ಬರ್ಕೊಳ್ಳಮ್ಮ," ಎಂದು ಅವನು ಫೋನ್ ಇಟ್ಟುಬಿಟ್ಟ. ಹುಡುಗಿ ಹೇಳಿದ್ದನ್ನು ಬರೆದುಕೊಂಡಳು. ಅವಳದೇನು ತಪ್ಪು? ಸೋದರಮಾವನನ್ನು ತಂಗಿಯೇ ಹೋಗಿ, ಅವನ ಬಾಗಿಲಲ್ಲಿ ನಿಂತು, ಮದುವೆಯ ಸಿಹಿಯ ಡಬ್ಬಿ ಎರಡೂ ಕೈಯಲ್ಲಿ ಕೊಟ್ಟು ಕರೆಯಬೇಕು. ಡಬ್ಬಿ ತೆಗೆದುಕೊಂಡನೆಂದರೆ ಬರುತ್ತಾನೆ.

ಇದು ಸೂಯುನ್‌ಗೆ ಗೊತ್ತಿಲ್ಲವೇ? ಬಿಡುವಿಲ್ಲದ್ದಕ್ಕೆ ಕೆಲಸ ಹಂಚಿದಳೆಂದು ಬೀದಿಯವರೆಲ್ಲ ಅಂದುಕೊಂಡರು. ಅವಳು ಅಣ್ಣನೆದುರು ನಿಲ್ಲಲು ಹೆದರಿ ಹಂಚಿದ್ದಳು. ಅವರಮ್ಮ ತೀರಿಕೊಂಡಾಗ, ಮಂತ್ರ ಹೇಳುವ ಹೊತ್ತಲ್ಲಿ ಇವಳ ಫೋನ್ ಬಡಿದುಕೊಳ್ಳುತ್ತಲೇ ಇತ್ತು. "ಹೋಗು, ನಿನ್ನ ಫೋನ್ ಅಳ್ತಾ ಇದೆ," ಎಂದು ಜಿಂಗ್‌ಶಾನ್ ನಾಲ್ಕು ಜನರೆದುರು ಅಂದ. ಇವಳು ಎದ್ದು ಹೊರಟೇಬಿಟ್ಟಳು. ಆಮೇಲೆ ತವರಿನ ಹೊಸಿಲು ತುಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಓಡಿಬಂದಳು. "ಅಕ್ಕಾ, ಸಿಕ್ಕಿದ."

ಫೋನಿನಲ್ಲಿ ಬಿಳಿ ಕೂದಲಿನ ಒಬ್ಬ ತೈಚುಂಗ್‌ನವನು ಕೋಟು ಹಾಕಿಕೊಂಡು ನಗುತ್ತಿದ್ದ. ಮದುವೆಗಳಿಗೆ ಬಾಡಿಗೆಗೆ ಬರುತ್ತಾನೆ. ತಂದೆ ಬೇಕೋ ತಂದೆ, ಮಾವ ಬೇಕೋ ಮಾವ.

"ತಲೆ ಕೆಟ್ಟಿದೆಯಾ? ಜಿಂಗ್‌ಶಾನ್ ಊರಿಗೇ ಗೊತ್ತಿರೋನು."

"ಇವನು ದೊಡ್ಡಣ್ಣ ಅಂತೀನಿ. ಇಷ್ಟು ವರ್ಷ ಪರದೇಶದಲ್ಲಿ, ಪೆನಾಂಗ್‌ನಲ್ಲಿದ್ದ ಅಂತೀನಿ."

"ಸರಿ. ನಿಮ್ಮಮ್ಮನಿಗೇ ಗೊತ್ತಿಲ್ಲದ ಮಗ."

ಅವಳು ನಗಲಿಲ್ಲ. ಆ ಮನುಷ್ಯ ಕಸುಬಿನಲ್ಲಿ ಅಚ್ಚುಕಟ್ಟು, ಒಂದೊಂದೇ ಪ್ರಶ್ನೆ ಕಳಿಸತೊಡಗಿದ. ಹುಡುಗ ಚಿಕ್ಕವನಿದ್ದಾಗ ಮಾವ ಏನು ಮಾಡಿದ್ದ ಎಂದು ಕೇಳಿದ. ಮಗುವಿಗೆ ಜ್ವರ ಏರಿದಾಗ, ಹೊರಗೆ ಚಂಡಮಾರುತ ಬೀಸುತ್ತಿದ್ದರೂ, ಜಿಂಗ್‌ಶಾನ್ ಎದೆಗೆ ಕಟ್ಟಿಕೊಂಡು ಸ್ಕೂಟರಿನಲ್ಲಿ ಆಸ್ಪತ್ರೆಗೆ ಒಯ್ದದ್ದನ್ನು ಸೂಯುನ್ ಬರೆದಳು. ಬೆರಳು ಓಡುತ್ತಿತ್ತು. ಇನ್ನೊಂದು ಪ್ರಶ್ನೆ ಬಂತು: ನಿಮ್ಮನ್ನು ಏನೆಂದು ಕರೆಯಲಿ, ಅಣ್ಣ ಕರೆಯುವ ಮುದ್ದಿನ ಹೆಸರೇನಾದರೂ ಇದೆಯೇ?

ಬರೆದಳು, ಅಳಿಸಿದಳು. ಮತ್ತೆ ಬರೆದು ಮತ್ತೆ ಅಳಿಸಿದಳು.

"ಅದನ್ನ ಇವನಿಗೆ ಹೆಂಗೆ ಕೊಡ್ಲಿ ಅಕ್ಕಾ?" ಎಂದಳು. ಆ ಹೆಸರು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸಿಹಿಯ ಡಬ್ಬಿಯನ್ನು ನನ್ನ ಮಡಿಲಿಗೆ ತುರುಕಿ ಸ್ಕೂಟರ್ ಹತ್ತಿಸಿದಳು. ಶೀಲುವೋ ಸೇತುವೆಯ ಮೇಲೆ ಅವಳು ಹೊಡೆದ ವೇಗಕ್ಕೆ ನಾನು ಗೊತ್ತಿದ್ದ ದೇವರನ್ನೆಲ್ಲ ಕೂಗಿದೆ.

ಜಿಂಗ್‌ಶಾನ್ ಅಂಗಳದಲ್ಲಿ ಸೋಯಾ ಸಾಸಿನ ಮಣ್ಣಿನ ಹಂಡೆಗಳ ಮುಚ್ಚಳ ತೆಗೆದು ಬಿಸಿಲು ತೋರಿಸುತ್ತಿದ್ದ. ನಮ್ಮನ್ನು ಕಂಡೂ ತಿರುಗಲಿಲ್ಲ.

"ಏನು, ಫೋನ್ ಮಾಡೋ ಆ ಹುಡುಗಿಗೆ ಬಿಡುವಿರ್ಲಿಲ್ವಾ?"

ಸೂಯುನ್ ಡಬ್ಬಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. ನನಗೆ ಅಲ್ಲಿ ನಿಲ್ಲಲೂ ಆಗದು, ಹೋಗಲೂ ಆಗದು.

"ಅವತ್ತು ನೀನು ಹೋಗು ಅಂದೆ, ನಾನು ಹೋದೆ," ಎಂದಳು. "ಕತ್ತಲಾಗೋ ತನಕ ಬಸ್‌ಸ್ಟ್ಯಾಂಡಲ್ಲೇ ಕೂತಿದ್ದೆ ಅಣ್ಣಾ. ವಾಪಸ್ ಬಾ ಅಂತೀಯೇನೋ ಅಂತ ಫೋನ್ ಕೈಯಲ್ಲೇ ಹಿಡ್ಕೊಂಡಿದ್ದೆ."

ಜಿಂಗ್‌ಶಾನ್ ಒಂದು ಹಂಡೆಯ ಮುಚ್ಚಳ ಹಾಕಿದ, ಮತ್ತೆ ತೆಗೆದ. ಕೈಗಳನ್ನು ಅಂಗಿಗೆ ಬಹಳ ಹೊತ್ತು ಒರೆಸಿಕೊಂಡ. ಕೊನೆಗೆ ಬಂದು ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡ.

"ಗೊತ್ತಿತ್ತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ಬಂದು ಹೇಳಿದ್ದ," ಎಂದ. "ಕರೆಯೋಕೆ ನನಗೆ ಬಾಯಿ ಬರ್ಲಿಲ್ಲ. ನಾನೂ ದುಡ್ಡು ಕೊಟ್ಟು ಯಾರ ಕೈಲಾದ್ರೂ ಕರೆಸಬೇಕಿತ್ತು."